ಚಕ್ರದ ಮೇಲಿನ ಕುಂಕುಮ

ನಮ್ಮ ಮಾವನವರಿಗೆ ಇಬ್ಬರು ಹೆಂಡತಿಯರು ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಒಬ್ಬರು ತಾವು. ಇನ್ನೊಬ್ಬಳು ಬಸವನಗುಡಿಯ ನಮ್ಮ ಮನೆಯ ಶೆಡ್ಡಿನಲ್ಲಿದ್ದ, ನನಗಿಂತ ವಯಸ್ಸಾದ ಇಂಗ್ಲಿಷ್ ಕಾರು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಸವತಿ ಹೊರಟರೆ ಸಾಕು, ಬೀದಿಯವರೆಲ್ಲ ಕಿಟಕಿಯಲ್ಲಿ ಇಣುಕುವಷ್ಟು ಕಿರುಗುಟ್ಟುತ್ತಿದ್ದಳು. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ನಲ್ಲಿ ಹಲ್ಲು ಸವೆದಿವೆ, ಬದಲಿ ಸೆಟ್ ಸಿಗದಿದ್ದರೆ ಮುಗಿಯಿತು ಎಂದು ಮೆಕ್ಯಾನಿಕ್ ಕೈಚೆಲ್ಲಿದ. ಹಾಗಾದರೆ ಭಾನುವಾರ ಗುಜರಿಯವನಿಗೆ ಬರಹೇಳುತ್ತೇನೆ ಎಂದರು ನನ್ನ ಗಂಡ. ಮಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ.

ಕೊನೆಗೆ ಕಲಾಸಿಪಾಳ್ಯದ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದಲ್ಲ, ಎರಡು ಸೆಟ್ ಸಿಕ್ಕವು. ನೋಡಲು ಅವಳಿಜವಳಿ, ಆದರೆ ಒಂದರ ಗೇರ್ ಅನುಪಾತ ನಾಲ್ಕು ಚಿಲ್ಲರೆ, ಇನ್ನೊಂದರದು ನಾಲ್ಕೂವರೆ. ತಪ್ಪು ಸೆಟ್ ಕೂರಿಸಿದರೆ ಕಾರು ಬುಲ್ ಟೆಂಪಲ್ ರಸ್ತೆಯ ಏರಿಗೇ ಏದುಸಿರು ಬಿಡುತ್ತದೆ, ಒಯ್ದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ ಅಂಗಡಿಯವನು, ನಮ್ಮ ಕಾರಿನದು ಯಾವುದೆಂದು ಎಣಿಸುವ ದಾರಿಯನ್ನೂ ಹೇಳಿಕೊಟ್ಟ. ಹಿಂದಿನ ಎರಡೂ ಚಕ್ರ ಎತ್ತಿ ಒಂದನ್ನು ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿದರೆ ಅದು ಮಾಮೂಲಿ ಬಗೆಯದು. ಆಮೇಲೆ ಒಂದನ್ನು ನೆಲಕ್ಕಿಳಿಸಿ, ಎತ್ತಿರುವುದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಕಾರಿನಡಿಯ ಉದ್ದನೆಯ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ಅನುಪಾತ.

ಮಾವ ನಿವೃತ್ತ ಗಣಿತದ ಮೇಷ್ಟ್ರು. ಲೆಕ್ಕ ಎಂದ ಕೂಡಲೇ ಜೀವ ಬಂತು. ಕಾರು ಮಾಮೂಲಿ ಬಗೆಯದೇ ಎಂದು ಖಾತ್ರಿಯಾದ ಮೇಲೆ ಶಾಫ್ಟಿಗೆ ವಿಭೂತಿ ಗೀಟೆಳೆದು, ಚಾಪೆ ಹಾಸಿಕೊಂಡು ಕಾರಿನಡಿ ಮಲಗಿದರು. ನಾನು ಸೆರಗು ಸಿಕ್ಕಿಸಿ ಚಕ್ರಕ್ಕೆ ಕೈಹಾಕಿದೆ. ಆಯುಧಪೂಜೆ ಕಳೆದು ಎರಡೇ ದಿನವಾಗಿತ್ತು. ಟೈರಿಗೆ ಅತ್ತೆ ಇಟ್ಟಿದ್ದ ಕುಂಕುಮವೇ ನನ್ನ ಗುರುತು. ಅದು ಕೆಳಗಿನಿಂದ ಹೊರಟು ಎರಡು ಸಲ ಕೆಳಗೆ ಬಂದರೆ ಎರಡು ಸುತ್ತು. ಒಂದು ಸುತ್ತು ಮುಗಿದು ಎರಡನೆಯದು ಶುರುವಾಗಿದ್ದಾಗ ಕಾಫಿಗೆ ಕರೆ ಬಂತು. ಕುಡಿದು ಬಂದು ಉಳಿದದ್ದನ್ನು ಮುಗಿಸಿದೆವು. ನಾಲ್ಕು ಸುತ್ತು, ಮೇಲೊಂದು ಚೂರು. ಮಾವ ಚೀಟಿಯಲ್ಲಿ ಬರೆದುಕೊಂಡು, ಇಸ್ತ್ರಿ ಶರ್ಟು ಹಾಕಿ ಗೇಟಿನವರೆಗೂ ಹೋದರು.

ನಿಮ್ಮ ಕುಂಕುಮದಿಂದಲೇ ಲೆಕ್ಕ ಸಿಕ್ಕಿತು ಎಂದು ನಾನು ಅತ್ತೆಯನ್ನು ಹೊಗಳಿದೆ. ಅವರ ಕೈಯಲ್ಲಿದ್ದ ಹೂವಿನ ದಾರ ಅಲ್ಲೇ ನಿಂತಿತು. ಗೇಟಿನ ಕಡೆ ನೋಡಿದರು, ಚಕ್ರದ ಕಡೆ ನೋಡಿದರು.

"ಸ್ವಲ್ಪ ನಿಲ್ಲಿ," ಎಂದು ಮಾವನವರನ್ನು ಕೂಗಿ, ತಗ್ಗಿದ ದನಿಯಲ್ಲಿ ಹೇಳಿದರು, "ನೀವು ಕಾಫಿ ಕುಡೀತಿದ್ದಾಗ ನೋಡ್ದೆ, ಕುಂಕುಮ ಅರ್ಧ ಅಳಿಸಿಹೋಗಿತ್ತು. ಹಬ್ಬದ ಕುಂಕುಮ ಹಾಗಿರ್ಬಾರ್ದು ಅಂತ ಒರೆಸಿ, ಕೈಗೆ ಸಿಕ್ಕೋ ಹಾಗೆ ಮೇಲ್ಗಡೆ ಹೊಸದಾಗಿ ಇಟ್ಬಿಟ್ಟೆ."

ಎರಡು ಸುತ್ತು ಪೂರ್ತಿಯಾಗಿಯೇ ಇರಲಿಲ್ಲ. ಮೇಲಿಟ್ಟ ಹೊಸ ಕುಂಕುಮ ಅರ್ಧ ಸುತ್ತಿಗೇ ಕೆಳಗೆ ಬಂದುಬಿಟ್ಟಿತ್ತು. ಮಾವ ಬೈಯಲಿಲ್ಲ. ಶರ್ಟು ಬಿಚ್ಚಿ ಮತ್ತೆ ಕಾರಿನಡಿ ಸೇರಿ, ಈ ಸಲ ಅತ್ತೆಯನ್ನೇ ಕುಂಕುಮದ ಕಾವಲಿಗೆ ಕೂರಿಸಿದರು. ಬಂದದ್ದು ನಾಲ್ಕೂವರೆ. ಸಂಜೆಯೊಳಗೆ ಸೆಟ್ ಮನೆಗೆ ಬಂತು. ಭಾನುವಾರ ಗುಜರಿಯವನು ಬರೀ ಕಾಫಿ ಕುಡಿದು ಹೋದ.

ಅಂದು ರಾತ್ರಿ ಪಾತ್ರೆ ಒರೆಸುತ್ತ ಅತ್ತೆಯನ್ನು ರೇಗಿಸಿದೆ. ಸುಮ್ಮನಿದ್ದಿದ್ದರೆ ಸವತಿ ಕಾಟ ತಪ್ಪುತ್ತಿತ್ತಲ್ಲ ಎಂದೆ. ಅವರು ನಗಲಿಲ್ಲ.

"ಮೂರು ದಿನ ಈ ಮನೇಲಿ ಅವರ ದನಿ ಕೇಳಿಸ್ತಾ ನಿಂಗೆ?" ಎಂದರು. "ನಂಗೆ ಭಯ ಆಗೋಗಿತ್ತು ಕಣೆ."