ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬೇಡಿ

ಹೋದ ತಿಂಗಳು ಕೋಲಾರದಿಂದ ಬಂದ ಒಬ್ಬ ಓದಿದ ಮನುಷ್ಯರಿಗೆ ಹೊಟ್ಟೆ ಬಿರಿಯುವಷ್ಟು ಮೊಸರು ತಿನ್ನಿಸಿ ಕಳಿಸಿದೆವು. ಪಾಪ, ಅವರು ಮೊಸರು ಕೇಳಿಯೇ ಇರಲಿಲ್ಲ.

ತಪ್ಪು ನನ್ನ ಕಿವಿಯದ್ದಲ್ಲ, ಟವರಿನದ್ದು. (ನನ್ನ ಸೊಸೆಯನ್ನು ಕೇಳಿದರೆ ಬೇರೆ ಹೇಳುತ್ತಾಳೆ. ಕೇಳಬೇಡಿ.)

ನನ್ನ ಸೊಸೆ ಮಂಜುಳ ನಿಮಗೆ ಹೊಸಬಳಲ್ಲ. ಹೊಸಬರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಹೋಳೂರಿನ ಪಕ್ಕದ ನಮ್ಮೂರಲ್ಲಿ ಹೆಂಗಸರನ್ನೆಲ್ಲ ಸೇರಿಸಿ ರಾಗಿ ಹುರಿಹಿಟ್ಟು ಮಾಡುವ ಸಂಘ ಕಟ್ಟಿದ್ದಾಳೆ. ರಾಗಿಗೆ ಹುಳಿ ಮಜ್ಜಿಗೆ ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಮಾರನೇ ದಿನ ಕಾದ ಮರಳಿಗೆ ಹಾಕಿದರೆ ಪಟಪಟ ಅಂತ ಅರಳುತ್ತದೆ. ಮರಳು ಜರಡಿ ಹಿಡಿದು, ಅರಳನ್ನು ಬೀಸಿದರೆ ಹುರಿಹಿಟ್ಟು. ಬೆಲ್ಲ, ಹಾಲು ಹಾಕಿ ಕಲಸಿಕೊಂಡರೆ ಹಲ್ಲಿಲ್ಲದವರಿಗೂ ಹಬ್ಬ. ನನಗೆ ಗೊತ್ತು, ನನಗೂ ಹಲ್ಲಿಲ್ಲ.

ಈ ಹಿಟ್ಟನ್ನು ಮಾಲೂರಿನ ಶೆಟ್ಟರೊಬ್ಬರು ಅಂಗಡಿಯಲ್ಲಿಟ್ಟು ಮಾರುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಶೆಟ್ಟರು. ಹಬ್ಬದ ಹೊತ್ತಿಗೆ ಈಗ ಕೊಡುವುದರ ಎರಡರಷ್ಟು ಹಿಟ್ಟು ಕೊಡಿ, ಆಗದಿದ್ದರೆ ಹೇಳಿಬಿಡಿ, ಬೆಂಗಳೂರಿನ ಕಂಪನಿಯವರು ಗಾಡಿ ತುಂಬಿಕೊಂಡು ಕಾಯುತ್ತಿದ್ದಾರೆ ಅಂದರಂತೆ.

ಆವತ್ತಿನಿಂದ ಮಂಜುಳನ ಮುಖ ಒಣಗಿದ ಬದನೆಕಾಯಿ. ಯಾಕೆ ಅಂದರೆ, ಆ ಹೆಂಗಸರೆಲ್ಲ ಮುಂಚೆ ಕಂಡವರ ಹೊಲದಲ್ಲಿ ಟೊಮೆಟೊ ಕೀಳುತ್ತಿದ್ದವರು. ಕೂಲಿ ಬಿಡಿಸಿ ಕರೆತಂದವಳು ಇವಳು. ಶೆಟ್ಟರು ಕೈಬಿಟ್ಟರೆ ಮತ್ತೆ ಅದೇ ಹೊಲ, ಅದೇ ಬಿಸಿಲು. ಜೊತೆಗೆ ಬಾಯಿಗೆ ಬಂದ ಬೈಗುಳ ಮಂಜುಳನಿಗೆ.

ಇಂಥ ಸಂಘಗಳಿಗೆ ಈಗ ‘ಸೋಶಿಯಲ್ ಎಂಟರ್‌ಪ್ರೈಸ್’ ಅಂತ ಹೆಸರು. ವ್ಯಾಪಾರವೂ ಆಗಬೇಕು, ನಾಲ್ಕು ಜನಕ್ಕೆ ಒಳ್ಳೆಯದೂ ಆಗಬೇಕು. ಇವನ್ನು ಬೆಳೆಸುವುದು ಹೇಗೆ ಅಂತ ಹೇಳಿಕೊಡುವವರೂ ಇದ್ದಾರೆ. ಅಂಥ ಒಬ್ಬರು ಪ್ರದೀಪ್ ಅಂತ, ಇರುವುದು ಕೋಲಾರದಲ್ಲಿ, ಹುಟ್ಟೂರು ಮದನಪಲ್ಲಿ ಕಡೆ. ಕನ್ನಡ ಬರುತ್ತದೆ, ಆದರೆ ಅವಸರ ಬಿದ್ದರೆ ತೆಲುಗು. ನಮ್ಮ ಕಡೆ ಅದೇನು ದೊಡ್ಡ ತೊಂದರೆಯಲ್ಲ. ನಾವು ಬೈಯುವುದು ಕನ್ನಡದಲ್ಲಿ, ಅಳುವುದು ತೆಲುಗಿನಲ್ಲಿ.

ಅವರು ಫೋನ್ ಮಾಡಿದಾಗ ಮಂಜುಳ ಬಾಣಲೆ ಮುಂದಿದ್ದಳು. ನಾನು ಎತ್ತಿದೆ. ಬುಧವಾರ ಬರುತ್ತೇನೆ ಅಂದರು. ಆಮೇಲೆ “ಮೀ ಪೆರುಗು...” ಅಂತ ಒಂದು ಮಾತು, ಕರಕರ ಸದ್ದು, “...ಚೂಡಾಲಮ್ಮಾ” ಅಂತ ಇನ್ನೊಂದು. ಲೈನು ಕಟ್.

ಪೆರುಗು ಅಂದರೆ ತೆಲುಗಿನಲ್ಲಿ ಮೊಸರು. ಚೂಡಾಲಿ ಅಂದರೆ ನೋಡಬೇಕು. ನಿಮ್ಮ ಮೊಸರು ನೋಡಬೇಕು. ಇದರಲ್ಲಿ ಅನುಮಾನಕ್ಕೆ ಜಾಗ ಎಲ್ಲಿದೆ, ನೀವೇ ಹೇಳಿ? ರಾಗಿಗೆ ಮಜ್ಜಿಗೆ ಹಾಕುತ್ತೇವಲ್ಲ, ಅದು ಶುದ್ಧವಾಗಿದೆಯೋ ಇಲ್ಲವೋ ಪರೀಕ್ಷೆ ಮಾಡಲು ಬರುತ್ತಿದ್ದಾರೆ ಅಂದುಕೊಂಡೆ. ಮನೆಮನೆಗೆ ಹೋಗಿ ಹೇಳಿದೆ, ಒಳ್ಳೆ ಮೊಸರು ಹೆಪ್ಪು ಹಾಕಿರಿ, ಮಾನ ಕಳೆಯಬೇಡಿ ಅಂತ.

ಹೆಪ್ಪು ಹೋಗಿದ್ದು ನಮ್ಮ ಮನೆಯಿಂದಲೇ. ನಮ್ಮ ಮೊಸರು ಗಟ್ಟಿ, ಮಡಕೆ ಬೋರಲು ಹಾಕಿದರೂ ಅಲ್ಲಾಡುವುದಿಲ್ಲ. ಸಂಜೆಯವರೆಗೆ ಬಂದವರಿಗೆಲ್ಲ ಒಂದೊಂದು ಚಮಚ ಕೊಟ್ಟೆ. ದೀಪ ಹಚ್ಚಿದ ಮೇಲೆ ಬಂದವಳನ್ನು ವಾಪಸ್ ಕಳಿಸಿದೆ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಆಚೆ ಹೋಗಬಾರದು. ಯಾಕೆ ಅಂತ ನನ್ನನ್ನು ಕೇಳಬೇಡಿ. ನಮ್ಮತ್ತೆ ಹೇಳಿದ್ದು, ಅವರೂ ಯಾರನ್ನೂ ಕೇಳಿರಲಿಲ್ಲ.

ಬುಧವಾರ ಪ್ರದೀಪ್ ಬಂದರು. ಜಗಲಿಯ ತುಂಬ ಸಾಲಾಗಿ ಮೊಸರಿನ ಗಡಿಗೆ. ಒಬ್ಬೊಬ್ಬಳೂ ತನ್ನ ಗಡಿಗೆ ಹಿಂದೆ ಕೈಕಟ್ಟಿ ನಿಂತಿದ್ದಾಳೆ. ಆ ಮನುಷ್ಯ ಗಡಿಗೆ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಗಡಿಗೆ ನೋಡಿದರು. ಅವರು ಫೋನಿನಲ್ಲಿ ಹೇಳಿದ್ದು ಪೆರುಗುದಲ. ಅಂದರೆ ಬೆಳವಣಿಗೆ. ಸಂಘ ಎಷ್ಟು ಬೆಳೆದಿದೆ ನೋಡಬೇಕು ಅಂತ. ಬಾಲದ ‘ದಲ’ವನ್ನು ಟವರು ನುಂಗಿಬಿಟ್ಟಿತ್ತು.

ನಮ್ಮ ಬೆಳವಣಿಗೆಯ ರುಚಿಯಾದರೂ ನೋಡಿ ಹೋಗಿ ಅಂದೆ. ಇನ್ನೇನು ಅನ್ನಲಿ? ಅವರು ನಕ್ಕು ಕೂತರು. ಒಂದೊಂದು ಗಡಿಗೆಯಿಂದ ಒಂದೊಂದು ಸೌಟು. ಬೇಡ ಅಂದರೆ ಆ ಗಡಿಗೆಯವಳು ಮುನಿಸಿಕೊಳ್ಳುತ್ತಾಳೆ, ಏನು ಮಾಡುತ್ತಾರೆ?

ತಿನ್ನುತ್ತಲೇ ಮಾತಿಗೆ ಬಂದರು. ‘ಸ್ಕೇಲ್’ ಮಾಡಬೇಕಂತೆ, ಅಂದರೆ ಕೆಲಸ ದೊಡ್ಡದು ಮಾಡಬೇಕಂತೆ. ಅದಕ್ಕೆ ದಾರಿಗಳಂತೆ. ಕೋಲಾರದಲ್ಲಿ ಒಂದು ಶೆಡ್ಡು ಹಿಡಿದು ಮಿಷನ್ ಹಾಕಿಸುವುದು ಒಂದು ದಾರಿ. ಮಿಷನ್ ಬಂದರೆ ಬಾಣಲೆ ಮುಂದಿನ ಹೆಂಗಸರು ಏನು ಮಾಡಬೇಕು ಅಂತ ಮಂಜುಳ ಕೇಳಿದಳು. ಪ್ಯಾಕೆಟ್ ಮಾಡಬಹುದು, ಆದರೆ ಎಲ್ಲರೂ ಬೇಕಾಗುವುದಿಲ್ಲ ಅಂದರು. ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು. ಇರುವವರೇ ಇನ್ನೊಂದು ಹೊತ್ತು ಒಲೆ ಹಚ್ಚೋಣ ಅಂದಳು ಮಂಜುಳ. ಆ ಹೆಂಗಸರ ಕಣ್ಣು ನೋಡಿ ಅಂದೆ ನಾನು. ಹೊಗೆಗೆ ಈಗಲೇ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿವೆ.

ಪ್ರದೀಪ್ ಕೊನೆಯ ಗಡಿಗೆಗೆ ಬಂದಿದ್ದರು. ಎಲ್ಲ ಮೊಸರೂ ಒಂದೇ ರುಚಿ ಇದೆಯಲ್ಲ, ಹೇಗೆ ಅಂದರು. ಹೆಪ್ಪು ಒಂದೇ ಮನೆಯದು ಅಂದೆ, ಸ್ವಲ್ಪ ಜಂಬದಿಂದಲೇ.

ಅವರು ಸೌಟು ಕೆಳಗಿಟ್ಟರು.

“ಹಾಗಾದ್ರೆ ಗಡಿಗೆ ಯಾಕೆ ದೊಡ್ಡದು ಮಾಡ್ತೀರಮ್ಮಾ? ಬೇರೆ ಊರಿಗೆ ಹೆಪ್ಪು ಕೊಡಿ.”

ಮೊಸರು ತಿನ್ನಿಸಿದ್ದಕ್ಕೆ ಇದು ನನಗೆ ಸಿಕ್ಕ ಶಿಕ್ಷೆ. ನಮ್ಮ ಕೆಲಸವನ್ನು ಇನ್ನೊಂದು ಊರಿನ ಹೆಂಗಸರಿಗೆ ಕಲಿಸಬೇಕಂತೆ. ಅವರ ಒಲೆ ಅವರದು, ಹೆಸರು ಮಾತ್ರ ಒಂದೇ. ಎರಡೂ ಕಡೆಯ ಹಿಟ್ಟು ಶೆಟ್ಟರ ಅಂಗಡಿಗೆ. ಮಂಜುಳನ ಮುಖದಲ್ಲಿ ನೀರು ಕುಡಿದ ಗಿಡದ ಕಳೆ ಬಂತು. ಮಾಲೂರಿಗೆ ಹತ್ತಿರ ಟೇಕಲ್ ಇದೆ, ಅಲ್ಲಿ ನಮ್ಮತ್ತಿಗೆ ಸರೋಜ ಇದ್ದಾಳೆ, ಅವಳ ಹಿಂದೆ ಹೆಂಗಸರ ಗುಂಪೂ ಇದೆ ಅಂದಳು.

ನೀವು ಅತ್ತೆಯಂದಿರಾದರೆ ನನ್ನ ಎದೆ ಯಾಕೆ ಧಸಕ್ಕೆಂದಿತು ಅಂತ ಹೇಳಬೇಕಾಗಿಲ್ಲ. ಟೇಕಲ್ ಸೊಸೆಯ ತವರು, ಸರೋಜ ಅವಳ ಅಣ್ಣನ ಹೆಂಡತಿ. ನಮ್ಮ ಮನೆಯ ಹೆಪ್ಪು ಹೋಗಿ ಹೋಗಿ ಅಲ್ಲಿಗಾ?

ಸರೋಜ ಕಲಿಯಲು ಬಂದಳು. ಎರಡು ಬಸ್ಸು ಬದಲಾಯಿಸಿ, ಎರಡನೆಯದು ತಡವಾಗಿ, ಅವಳು ಹೊಸ್ತಿಲು ದಾಟುವ ಹೊತ್ತಿಗೆ ನಾನು ದೀಪ ಹಚ್ಚಿ ಆಗಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಬೇಕಂತೆ. ಮಂಜುಳ ಲೆಕ್ಕ ಒಪ್ಪಿಸಲು ಹೋಳೂರಿಗೆ ಹೋಗಿದ್ದವಳು ಇನ್ನೂ ಬಂದಿರಲಿಲ್ಲ. ಪಾಠ ನನ್ನ ಪಾಲಿಗೆ ಬಂತು.

ಎಲ್ಲ ಹೇಳಿಕೊಟ್ಟೆ. ರಾಗಿ ಆರಿಸುವುದು, ಮರಳು ತೊಳೆಯುವುದು, ಮರಳು ಕಾದಿದೆ ಅಂತ ತಿಳಿಯುವುದು, ಎಲ್ಲ. ಹುಡುಗಿ ಚುರುಕು.

“ರಾಗಿಗೆ ಏನು ಚಿಮುಕಿಸ್ತೀರಾ ದೊಡ್ಡಮ್ಮಾ? ಮಜ್ಜಿಗೆನಾ?”

“ದೀಪ ಹಚ್ಚಾಯ್ತು ಕಣಮ್ಮ, ಈಗ ಆ ಮಾತು ಆಡಬಾರ್ದು. ನೀರು ಚಿಮುಕ್ಸು, ಅರಳುತ್ತೆ.”

ಸುಳ್ಳು ಹೇಳಿದೆನಾ? ಇಲ್ಲ. ನೀರಿಗೂ ಅರಳುತ್ತದೆ. ಘಮ ಬರುವುದಿಲ್ಲ ಅಷ್ಟೆ. ಘಮ ಬೇಕಾ ಅಂತ ಅವಳು ಕೇಳಲಿಲ್ಲವಲ್ಲ. ನಿಮ್ಮ ಬೀದಿಯಲ್ಲಿ ಒಬ್ಬಟ್ಟಿಗೆ ಹೆಸರಾದವಳನ್ನು ಹೋಗಿ ಕೇಳಿ ನೋಡಿ. ಬೇಳೆ, ಬೆಲ್ಲ, ಏಲಕ್ಕಿ ಎಲ್ಲ ಹೇಳುತ್ತಾಳೆ. ಕಣಕ ಎಷ್ಟು ಹೊತ್ತು ಎಣ್ಣೆಯಲ್ಲಿ ನೆನೆಯಬೇಕು ಅನ್ನುವುದು ಮಾತ್ರ ಆ ಗಳಿಗೆಗೆ ಮರೆತುಹೋಗಿರುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಉಪ್ಪಿನಕಾಯಿಗೆ ಹೆಸರಾದ ನಮ್ಮ ನಾದಿನಿ ಸಾಸಿವೆ ಹುರಿದು ಹಾಕುತ್ತಾಳೋ ಹಸಿಯೋ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗೆಲ್ಲ ಅವಳಿಗೆ ಕೆಮ್ಮು ಬರುತ್ತದೆ. ಒಂದು ಬೆರಳು ಮಡಚಿಕೊಂಡೇ ಕೈ ಕೊಡುವುದು ನಮ್ಮ ಪದ್ಧತಿ.

ಆದರೆ ಮಂಜುಳ ಟೇಕಲ್ಲಿನ ಹಿಟ್ಟನ್ನೇ ನಂಬಿ ಶೆಟ್ಟರಿಗೆ ಒಪ್ಪಿಗೆ ಕೊಟ್ಟುಬಿಟ್ಟಳು. ಅತ್ತಿಗೆ ಹಿಟ್ಟು ಕೆಟ್ಟರೆ ಮುಗೀತು ಅತ್ತೆ, ಇವರನ್ನೆಲ್ಲ ನಾನೇ ಟೊಮೆಟೊ ಗಾಡಿ ಹತ್ತಿಸಬೇಕು ಅಂದಳು. ನಾನು ಎಲೆ ಅಡಿಕೆ ಹುಡುಕಿದೆ. ಮಜ್ಜಿಗೆಯ ಮಾತು ಬಾಯಿಯ ತನಕ ಬಂತು. ಎಲೆಯ ಜೊತೆಗೆ ಒಳಗೆ ಹೋಯಿತು.

ಇವತ್ತು ಎರಡೂ ಊರಿನ ಹಿಟ್ಟು ಮಾಲೂರಿಗೆ ಹೋಯಿತು. ನಾನೂ ಹೋಗಿದ್ದೆ. ಶೆಟ್ಟರು ಎರಡೂ ಪ್ಯಾಕೆಟ್ ಒಡೆದು ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ನಾನು ಅಂಗಡಿಯ ಚಾವಣಿ ನೋಡುತ್ತಿದ್ದೆ.

“ಟೇಕಲ್ಲಿಂದು ಘಮ ಅಂದ್ರೆ ಘಮ. ನಿಮ್ಮ ಹೋಳೂರು ಕಡೇದು ಯಾಕೋ ಸಪ್ಪೆ. ಹಬ್ಬಕ್ಕೆ ಎರಡೂ ಟೇಕಲ್ಲಿನ ತರಾನೇ ಇರ್ಬೇಕು. ಇಲ್ಲಾ ಅಂದ್ರೆ ಎರಡೂ ಬೇಡ.”

ಸಪ್ಪೆ! ನಮ್ಮತ್ತೆ ಕಾಲದ ಮಜ್ಜಿಗೆ ಸಪ್ಪೆ!

ಬಸ್ಸಿನಲ್ಲಿ ಮಂಜುಳ ಕೇಳಿದಳು, “ಅತ್ತೆ, ಅತ್ತಿಗೆಗೆ ನೀವು ಏನು ಹೇಳ್ಕೊಟ್ಟಿದ್ರಿ?” ನಾನು ಕಿಟಕಿಯ ಆಚೆ ಹಿಪ್ಪುನೇರಳೆ ತೋಟ ನೋಡಿದೆ. ಈ ಸಲ ಬೆಳೆ ಚೆನ್ನಾಗಿದೆ ಅಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ಸೊಸೆಗೆ ಅರ್ಥವಾಗಿದೆ ಅನ್ನುವುದಕ್ಕೆ ಅದಕ್ಕಿಂತ ಗುರುತು ಬೇಕಾ?

ಸಂಜೆ ಮನೆಗೆ ಬಂದು, ದೇವರ ಮುಂದೆ ಕೈಮುಗಿದು, ಸರೋಜನಿಗೆ ಫೋನ್ ಹಚ್ಚಿಸಿದೆ. ನೀರಿಗೆ ಅಷ್ಟು ಘಮ ಬರುವುದಿಲ್ಲ, ಅದರಲ್ಲಿ ಏನೋ ಬೆರೆಸಿದ್ದೀಯ, ಏನು ಅಂತ ನೇರವಾಗಿ ಕೇಳಿದೆ. ಈ ಸಲ ಟವರು ಚೆನ್ನಾಗಿತ್ತು. ಒಂದೊಂದು ಅಕ್ಷರವೂ ಕೇಳಿಸಿತು.

“ದೀಪ ಹಚ್ಚಾಯ್ತಲ್ಲ ದೊಡ್ಡಮ್ಮಾ. ಈಗ ಆ ಮಾತು ಆಡಬಾರ್ದು. ಬೆಳಿಗ್ಗೆ ಬನ್ನಿ.”

ನಾಳೆ ಮೊದಲ ಬಸ್ಸಿಗೆ ಟೇಕಲ್ಲಿಗೆ ಹೊರಟಿದ್ದೇನೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಚೆಂದವಲ್ಲ. ಒಂದು ಗಡಿಗೆ ಮೊಸರು ಹೊತ್ತುಕೊಂಡು ಹೋಗಲಾ, ಇಲ್ಲ ಒಂದು ಚಮಚ ಹೆಪ್ಪು ಸಾಕಾ?