ಗ್ರಹಣದಲ್ಲಿ ಹೊರಗೆ ನಿಂತವರು

೧೯೮೦ರ ಫೆಬ್ರುವರಿ ೧೬ರ ಮಧ್ಯಾಹ್ನ ಸೂರ್ಯಗ್ರಹಣ ಹಿಡಿದಾಗ ನಮಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಬಾಯಿಯವರು ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಮನೆಯ ಮಾಳಿಗೆಯ ಮೇಲೆ ಹಿಟ್ಟಿನ ಜರಡಿ ಹಿಡಿದು ನಿಂತಿದ್ದರು. ಏಳು ತಿಂಗಳ ಬಸಿರು. ಜರಡಿಯ ತೂತುಗಳಿಂದ ಇಳಿದ ಬಿಸಿಲು ಅವರ ಸೀರೆಯ ಮೇಲೆ ನೂರಾರು ಪುಟ್ಟ ಕುಡಗೋಲುಗಳಾಗಿ ಬಿದ್ದಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವರು ಕರೆದಿದ್ದಕ್ಕೆ ಬಂದಿದ್ದ ನಾವು ಕೆಲವು ವಿದ್ಯಾರ್ಥಿಗಳು ಸೂರ್ಯನನ್ನು ಬಿಟ್ಟು ಆ ಸೀರೆಯನ್ನೇ ನೋಡುತ್ತಿದ್ದೆವು.

ಕೆಳಗಿನಿಂದ ಅವರ ಅತ್ತೆ ಸೊಸೆಯನ್ನು ಕೂಗುತ್ತಿದ್ದರು: "ಅಗ ಸೂನಬಾಯಿ, ಒಳಗ ಬಾ! ಹೊಟ್ಟ್ಯಾಗ ಕೂಸದ!"

"ಬಂದೆ ಆಯೀ, ಗ್ರಹಣ ಬಿಡ್ಲಿ, ಬರ್ತೀನಿ."

ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದವು. ವೈಷ್ಣವರ ಮನೆ, ಮಡಿ ಜೋರು. ಸೊಸೆಯ ಕೆಲಸವೋ ಕಾಲೇಜಿನಲ್ಲಿ ಮೊಟ್ಟೆ ಒಡೆದು ಮರಿ ಹೇಗೆ ಬೆಳೆಯುತ್ತದೆಂದು ತೋರಿಸುವುದು. ಸಂಜೆ ಅವರು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳುತ್ತಿದ್ದರು: "ಇವತ್ತ ತತ್ತೀನೋ, ಕಪ್ಪೀನೋ?" ಮೊಟ್ಟೆಯಾದರೆ ಕೈಕಾಲು ತೊಳೆದರೆ ಸಾಕು, ಕಪ್ಪೆಯಾದರೆ ತಲೆಯ ಮೇಲೆ ನೀರು. ಎಷ್ಟೋ ಸಲ ಕಪ್ಪೆ ಕೊಯ್ದ ದಿನವೂ ತತ್ತಿ ಎಂದು ಹೇಳಿ ಒಳಗೆ ಹೋಗಿದ್ದೇನೆ ಎಂದು ಬಾಯಿಯವರು ನಮ್ಮ ಮುಂದೆ ನಗುತ್ತಿದ್ದರು.

ಏಪ್ರಿಲಿನಲ್ಲಿ ಅವರಿಗೆ ಮಗಳು ಹುಟ್ಟಿದಳು. ಕೂಸಿನ ಬೆನ್ನಿನ ಕೆಳಭಾಗ ತೆರೆದುಕೊಂಡಿತ್ತು. ಹೈದರಾಬಾದಿನಲ್ಲಿ ಹೊಲಿಗೆ ಹಾಕಿದರು. ಜೀವ ಉಳಿಯಿತು, ಕಾಲಿಗೆ ಬಲ ಬರಲಿಲ್ಲ. ಮಾಳಿಗೆಯ ಮೇಲೆ ಅವರು ನಿಂತದ್ದನ್ನು ಇಡೀ ಓಣಿ ಕಿಟಕಿಗಳ ಸಂದಿನಿಂದ ನೋಡಿತ್ತು.

ರಜೆ ಮುಗಿಸಿ ಬಂದವರು ಮೊದಲ ತರಗತಿಯಲ್ಲೇ ಮಿದುಳಿನ ಪಾಠ ತೆಗೆದರು. ಗರ್ಭದಲ್ಲಿ ಮೊದಲು ಒಂದು ಹಾಳೆಯಂಥ ಪದರ ಇರುತ್ತದೆ, ಅದರ ಎರಡು ಅಂಚುಗಳು ಎದ್ದು, ಬಾಗಿ, ಕೂಡಿ ಕೊಳವೆಯಾಗುತ್ತವೆ. ಕೊಳವೆಯ ಒಂದು ತುದಿ ಮಿದುಳು, ಉಳಿದದ್ದು ಬೆನ್ನುಹುರಿ. ಇಷ್ಟನ್ನು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿ, ಅದರ ಕೆಳತುದಿಯಲ್ಲಿ ಸೀಮೆಸುಣ್ಣ ಇಟ್ಟರು.

"ನನ್ನ ಮಗಳಿಗೆ ಇಲ್ಲಿ ಕೂಡಿಲ್ಲ. ಇದು ಮೊದಲನೇ ತಿಂಗಳಿನ ಕೆಲಸ. ಬಸಿರದೀನಿ ಅಂತ ನನಗೇ ಖಾತ್ರಿ ಆಗೂದ್ರಾಗ ಇದು ಮುಗದಿರ್ತದ. ಗ್ರಹಣ ಹಿಡಿದದ್ದು ಏಳನೇ ತಿಂಗಳಾಗ. ಬರಕೋರಿ."

ನಾವು ಬರೆದುಕೊಂಡೆವು.

ಜೀನಿಗೆ ಪುಸ್ತಕದಲ್ಲಿದ್ದ ಕನ್ನಡ ಶಬ್ದ ವಂಶವಾಹಿ. ಅವರು ಅದನ್ನು ಬಾಯಿಗೆ ತರುತ್ತಿರಲಿಲ್ಲ. "ಆ ಶಬ್ದ ಕಿವಿಗೆ ಬಿದ್ದ ಕೂಡ್ಲೇ ಎಲ್ಲಾರೂ ಸೊಸಿ ಮಾರಿ ನೋಡ್ತಾರ" ಎನ್ನುತ್ತಿದ್ದರು. ಜೀನ್ ಎಂದೇ ಕರೆದರು. ಯಾವ ಜೀನ್ ಎಲ್ಲಿ, ಯಾವ ಹೊತ್ತಿಗೆ ಎಚ್ಚರವಾಗಬೇಕು, ಯಾವುದು ಸುಮ್ಮನಿರಬೇಕು ಎಂಬ ಏರ್ಪಾಡಿಗೆ ಅವರು ಕೊಟ್ಟ ಹೆಸರು ಹುಕುಂ.

ಅದೇ ಬೇಸಿಗೆಯ ಕೊನೆಗೆ ನಮ್ಮೂರಾದ ಕಮಲಾಪುರದಲ್ಲಿ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಹಡೆದಳು. ಆ ಕೂಸಿನ ಬೆನ್ನೂ ಕೂಡಿರಲಿಲ್ಲ. ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಗ್ರಹಣದಲ್ಲಿ ಸೊಸೆ ಹೊರಗೆ ಹೋಗಿದ್ದಾಳೆ ಎಂದು ಅವ್ವ ತೀರ್ಮಾನಿಸಿದಳು. ವೈನಿಯನ್ನು ತವರಿಗೆ ಕಳಿಸಿ ಅಣ್ಣನಿಗೆ ಇನ್ನೊಂದು ಹೆಣ್ಣು ತರುವ ಮಾತು ದಸರೆಯ ಹೊತ್ತಿಗೆ ಗಟ್ಟಿಯಾಯಿತು. ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಪ್ರಯೋಗಾಲಯದಲ್ಲಿ ಬಾಯಿಯವರಿಗೆ ಇದನ್ನು ಹೇಳಿದೆ. ಅವರು ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟರು. "ತಮ್ಮಾ, ರವಿವಾರ ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗದ?"

ರವಿವಾರ ಮಗಳನ್ನು ಎತ್ತಿಕೊಂಡೇ ಬಂದರು. ಅಣ್ಣ ತೋಟದ ಕೆಂಪು ಬಾಳೆಹಣ್ಣು ತಂದು ಎಲೆಯ ಮೇಲೆ ಇಟ್ಟ. ವೈನಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಅವ್ವ ನೇರವಾಗಿ ವಿಷಯಕ್ಕೆ ಬಂದಳು.

"ಬಾಯಿಯವರ, ನೀವು ಓದಿದೋರು. ಇಕಿ ಗ್ರಹಣದಾಗ ಹೊರಗ ಹೋಗ್ಯಾಳ. ಸುಮ್ಮ ಇಲ್ಲ ಅಂತಾಳ."

"ನೀವು ನೋಡಿರೇನ್ರಿ?"

"ನಾ ಹ್ಯಾಂಗ ನೋಡ್ಲಿ? ಗ್ರಹಣ ಬಿಡೂತನಾ ಇಕಿ ಕ್ವಾಣಿ ಬಾಗಲಿಗೇ ಕುಂತಿದ್ದೆ."

"ಬಾಗಲಿಗೆ ನೀವೇ ಕುಂತಿದ್ರಿ. ಅಕಿ ಹ್ಯಾಂಗ ಹೊರಗ ಹೋದ್ಳು? ಬೆಳಕಿಂಡ್ಯಾಗ ಹಾರಿದ್ಳೇನು?"

ಅಣ್ಣ ನಕ್ಕ. ಅವ್ವ ಅವನ ಕಡೆ ನೋಡಿದಾಗ ನಗು ನಿಲ್ಲಿಸಿದ.

ಬಾಯಿಯವರು ಮಗಳ ಅಂಗಿ ಎತ್ತಿ, ಬೆನ್ನಿನ ಹೊಲಿಗೆಯ ಗುರುತು ತೋರಿಸಿದರು. "ಇಕಿ ಹೊಟ್ಟ್ಯಾಗ ಇದ್ದಾಗ ನಾ ಗ್ರಹಣದಾಗ ಮಾಳಗಿ ಮ್ಯಾಲ ನಿಂತಿದ್ದೆ. ನಿಮ್ಮ ಸಣ್ಣ ಮಗನೇ ಸಾಕ್ಷಿ. ನಿಮ್ಮ ಸೊಸಿ ಕ್ವಾಣ್ಯಾಗ ಇದ್ಳು, ನೀವೇ ಸಾಕ್ಷಿ. ಒಬ್ಬಾಕಿ ಹೊರಗ, ಒಬ್ಬಾಕಿ ಒಳಗ. ಎರಡೂ ಕೂಸಿಗೆ ಒಂದೇ ಥರಾ ಆತು. ಹಂಗಾದ್ರ ಗ್ರಹಣ ಮಾಡಿದ್ದೇನು?"

ಅವ್ವ ಆ ಗುರುತನ್ನು ಬಗ್ಗಿ ನೋಡಿದಳು. ಆಮೇಲೆ "ಹಂಗಾದ್ರ ಯಾರ ವಂಶದಾಗಿಂದು ಇದು?" ಎಂದು ಕೇಳಿ ಬಾಗಿಲ ಹಿಂದಿನ ವೈನಿಯತ್ತ ನೋಡಿದಳು.

ಬಾಯಿಯವರು ನನ್ನ ಕಡೆ ಒಮ್ಮೆ ನೋಡಿ, ಬಾಳೆಹಣ್ಣೊಂದನ್ನು ಕೈಗೆತ್ತಿಕೊಂಡರು.

"ಇದರ ಸಿಪ್ಪಿ ಕೆಂಪದ. ಇದೇ ಗಿಡದ ಎಲಿ ಹಸರದ. ಎರಡೂ ಒಂದೇ ಗಡ್ಡಿದಾಗಿಂದೇ ಬಂದಾವಲ್ರಿ?"

"ಹೂಂ, ಮತ್ತ."

"ಗಿಡದಾಗ ಇರೂದೆಲ್ಲಾ ಎಲ್ಲಾ ಕಡೆ ಅದ. ಆದ್ರ ಇಲ್ಲಿ ಕೆಂಪಾಗು, ಅಲ್ಲಿ ಹಸರಿರು ಅಂತ ಒಳಗಿಂದೊಳಗ ಹುಕುಂ ಹೋಗ್ತದ. ಕೂಸಿಗೂ ಹಂಗೇ. ನೀವು ಕರಿಗಡಬು ಮಾಡ್ತೀರಿ. ಹಾಳಿ ಮಡಚಿ ಅಂಚು ಒತ್ತತೀರಿ. ಒಂದ ಕಡೆ ಅಂಚು ಕೂಡಲಿಲ್ಲ ಅಂದ್ರ?"

"ಎಣ್ಣ್ಯಾಗ ಬಿಚಗೋತದ."

"ಮಿದುಳು, ಬೆನ್ನು ಆಗೂದೂ ಹಂಗೇ. ಮಡಚು, ಕೂಡು ಅಂತ ಹುಕುಂ ಹೊತ್ತಿಗೆ ಸರಿಯಾಗಿ ಹೋಗಬೇಕು. ಒಂದ ತಪ್ಪಿದ್ರೂ ಅಲ್ಲಿ ಕೂಡಂಗಿಲ್ಲ. ಇದೆಲ್ಲಾ ಮೊದಲನೇ ತಿಂಗಳಾಗ. ಆವಾಗ ನಿಮ್ಮ ಸೊಸಿಗೆ ತಾನು ಬಸಿರು ಅಂತನೂ ಗೊತ್ತಿರಲಿಲ್ಲ."

"ಹುಕುಂ ಯಾಕ ತಪ್ಪಿತು?"

"ಗೊತ್ತಿಲ್ರಿ."

"ನಿಮಗೂ ಗೊತ್ತಿಲ್ಲ?"

"ಗೊತ್ತಿದ್ರ ನನ್ನ ಮಗಳಿಗೆ ಹಿಂಗಾಗಲಾಕ ಬಿಡ್ತಿದ್ನೇನ್ರಿ?"

ಬಾಯಿಯವರು "ಬಾರವ್ವ" ಎಂದು ವೈನಿಯನ್ನು ಕರೆದು ಮಗಳನ್ನು ಅವಳ ಕೈಗೆ ಕೊಟ್ಟರು. ಬಸ್ಸಿನ ಹೊತ್ತಾಗುವವರೆಗೂ ವೈನಿ ಆ ಕೂಸನ್ನು ಕೆಳಗಿಳಿಸಲಿಲ್ಲ. ಅವ್ವ ಒಂದೆರಡು ಸಲ ಎದ್ದು ಹೋಗಿ ಬಂದು, ಕೊನೆಗೆ "ಹಾಲು ಕುಡೀತದೇನು?" ಎಂದು ಕೇಳಿದಳು. ಇನ್ನೊಂದು ಹೆಣ್ಣಿನ ಮಾತನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಮೂರು ವರ್ಷಗಳ ನಂತರ ವೈನಿಗೆ ಹೆಣ್ಣುಮಗು ಹುಟ್ಟಿತು. ಗಟ್ಟಿಮುಟ್ಟಾಗಿತ್ತು.

ನಾನು ಓದು ಮುಗಿಸಿ ಪತ್ರಿಕೆ ಸೇರಿದೆ. ತೊಂಬತ್ತರ ದಶಕದಲ್ಲಿ ಒಂದು ದಿನ ಬಾಯಿಯವರು ಸುದ್ದಿಮನೆಗೇ ಬಂದರು. ಬಸಿರಾಗುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಗುಳಿಗೆ ತೆಗೆದುಕೊಂಡರೆ ಕೊಳವೆ ಕೂಡದಿರುವ ತೊಂದರೆಯನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದು ಆಗ ಖಚಿತವಾಗಿತ್ತು. "ಪೂರಾ ತಪ್ಪಸ್ತದ ಅಂತ ಬರೀಬ್ಯಾಡ. ಭಾಳಷ್ಟು ಅಂತ ಬರಿ" ಎಂದರು. ಒಳಪುಟದಲ್ಲಿ ಸಣ್ಣ ಸುದ್ದಿಯಾಗಿ ಬಂತು. ಅದು ಸಾಲದೆಂದು ಅವರು ತಮ್ಮದೇ ದಾರಿ ಹಿಡಿದರು: ಮದುವೆಗಳಲ್ಲಿ ಮದುಮಗಳಿಗೆ ಕೊಡುವ ರವಿಕೆ ಖಣದ ಮಡಿಕೆಯಲ್ಲಿ ಆ ಗುಳಿಗೆಯ ಪಟ್ಟಿ ಇಡತೊಡಗಿದರು.

ತಾಜಸುಲ್ತಾನಪುರದ ಒಂದು ಮದುವೆಯಲ್ಲಿ ವರನ ತಂದೆ ಅದನ್ನು ಕುಟುಂಬ ಯೋಜನೆಯ ಗುಳಿಗೆ ಎಂದು ತಿಳಿದು ಸಿಟ್ಟಾದರು. "ಅಕ್ಕಿಕಾಳು ಬಿದ್ದು ತಾಸಾಗಿಲ್ಲ, ಈಗಲೇ ಮಕ್ಕಳು ಬ್ಯಾಡ ಅಂತೀರೇನ್ರಿ?"

"ಇದು ಬ್ಯಾಡ ಅನ್ನೋ ಗುಳಿಗಿ ಅಲ್ರೀ ಯಜಮಾನರ, ಬಾ ಅನ್ನೋ ಗುಳಿಗಿ" ಎಂದು ಬಾಯಿಯವರು ಊಟಕ್ಕೆ ಕುಳಿತರು.

೨೦೦೫ರಲ್ಲಿ ಅವರು ತೀರಿಕೊಂಡರು. ಮಗಳು ಅಷ್ಟರಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು, ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು.

ಮರುವರ್ಷ ಕಮಲಾಪುರದಲ್ಲಿ ವೈನಿಯ ಮಗಳ ಮದುವೆಯಾಯಿತು. ಬಾಯಿಯವರ ಮಗಳು ಬಂದು ಖಣ ಕೊಟ್ಟಳು. ಅವ್ವ ಅದರ ಮಡಿಕೆ ಬಿಚ್ಚಿ ಪಟ್ಟಿಯನ್ನು ತೆಗೆದು, "ದಿನಾ ಒಂದು ತಗೋ, ಮರೀಬ್ಯಾಡ" ಎಂದು ಮೊಮ್ಮಗಳ ಕೈಗಿಟ್ಟಳು.

೨೦೦೮ರಲ್ಲಿ ಮೊಮ್ಮಗಳು ಹಡೆದಳು. ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಅವ್ವ ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಕುತ್ತಿಗೆಯಿಂದ ಕೆಳಗಿನವರೆಗೆ ಬೆನ್ನಿನ ಮೇಲೆ ಬೆರಳಾಡಿಸಿದಳು. ಕೂಡಿತ್ತು.