ಬಟ್ಟೆ ಅಂಗಡಿಯ ಕಾಕು ಬರೆಸಿದ ಶೆಲ್

ಕಳೆದ ವಾರ ಫೋಂಡಾ ಬಳಿಯ ಕುಂಡಯಿಯ ನಮ್ಮ ಕಾರ್ಖಾನೆಯಲ್ಲಿ ಹೊಸ ಸಮವಸ್ತ್ರ ಕೊಟ್ಟರು. ಪೊಟ್ಟಣ ಬಿಚ್ಚಿದೊಡನೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಜೊತೆಯವರು ಅಳತೆ ನೋಡಿಕೊಳ್ಳುತ್ತಿದ್ದರೆ ನಾನು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟೆ. ಫೋಂಡಾದ ಬಟ್ಟೆ ಅಂಗಡಿ, ಅದರ ಮಾಳಿಗೆ, ಅಲ್ಲಿ ಕಾಕು...

ಕೆಲವು ವರ್ಷಗಳ ಹಿಂದೆ ನಾನು ಇದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಕೆಲಸ ಮುಗಿಸಿ ಸಂಜೆ ಫೋಂಡಾದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಇನ್ನೊಂದೇ ಅವಕಾಶ ಉಳಿದಿತ್ತು. ಸಿ ಭಾಷೆಯಲ್ಲಿ ಸಣ್ಣದೊಂದು ಶೆಲ್ ಬರೆದು ತೋರಿಸಬೇಕಿತ್ತು. ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿಕೊಂಡು, ಅದನ್ನು ನಡೆಸಿ, ಮುಂದಿನ ಆಜ್ಞೆಗೆ ಕಾಯುವ ಪ್ರೋಗ್ರಾಂ ಅದು. ಕುಪ್ಪಸದ ಬಟ್ಟೆ ಕೊಳ್ಳಲು ಹೋದವಳು ಗೆಳತಿಗೆ ಫೋನಿನಲ್ಲಿ ಇದೇ ಗೋಳು ಹೇಳಿಕೊಳ್ಳುತ್ತಿದ್ದೆ. ಗಾದಿಯ ಮೇಲೆ ಕೂತಿದ್ದ ಹಿರಿಯ ಹೆಂಗಸು ನನ್ನ ಕಡೆ ತಿರುಗಿದರು.

"ಫೋರ್ಕ್ ಬರ್ತೈತೇನವಾ ನಿನಗ?"

ಶೆಲ್ ತನ್ನಿಂದಲೇ ಒಂದು ಮರಿ ಪ್ರೋಗ್ರಾಂ ಹುಟ್ಟಿಸಲು ಬಳಸುವ ಆಜ್ಞೆ ಫೋರ್ಕ್. ಇಳಕಲ್ ಸೀರೆಯುಟ್ಟ ಬೆಳಗಾವಿಯ ವ್ಯಾಪಾರಸ್ಥರ ಮನೆಯಾಕೆಯ ಬಾಯಲ್ಲಿ ಆ ಮಾತು ಕೇಳಿ ಫೋನನ್ನೇ ಮರೆತೆ. ಮದುವೆಗೆ ಮೊದಲು ಧಾರವಾಡದಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರಂತೆ. ಎಲ್ಲರೂ ಚಿಕ್ಕಮ್ಮನನ್ನು ಕರೆಯುವಂತೆ ಅವರನ್ನು ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮರುದಿನದಿಂದ ಮಾಳಿಗೆಯಲ್ಲಿ ಪಾಠ. ಸುತ್ತ ಬಟ್ಟೆಯ ಥಾನುಗಳು, ನಡುವೆ ಹಳೆಯ ಕಂಪ್ಯೂಟರ್. ಕಾಕು ಕೀಲಿಮಣೆ ಮುಟ್ಟುತ್ತಿರಲಿಲ್ಲ. ಬರೆದದ್ದನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಬೇಕು.

"ಓದವಾ, ಸೆಮಿಕೋಲನ್ನೂ ಬಿಡಬ್ಯಾಡ."

ಒಳಗೊಳಗೇ ಸಿಟ್ಟು ಬರುತ್ತಿತ್ತು. ನೋಡಿ ಒಂದು ಮಾತಲ್ಲಿ ತಪ್ಪು ಹೇಳಬಾರದೇ?

ನನ್ನ ಶೆಲ್ ಯಾವ ಆಜ್ಞೆ ಕೊಟ್ಟರೂ ಅಂಥದ್ದು ಇಲ್ಲವೇ ಇಲ್ಲ ಎನ್ನುತ್ತಿತ್ತು. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೆಯ ದಿನ ಓದುತ್ತಿದ್ದಾಗ ಕಾಕು ಕೈಯೆತ್ತಿ ತಡೆದರು.

"ಆಜ್ಞೆ ಬರದಿ, ಎಂಟರ್ ಒತ್ತಿದಿ. ಆ ಎಂಟರ್ ಎಲ್ಲಿ ಹೋತು?"

ಅದು ಎಲ್ಲಿಗೂ ಹೋಗಿರಲಿಲ್ಲ. ಕಾಣದ ಅಕ್ಷರವಾಗಿ ಪದದ ಬಾಲಕ್ಕೆ ಅಂಟಿಕೊಂಡಿತ್ತು. ಕಿತ್ತುಹಾಕಿ, ಕಡತಗಳ ಪಟ್ಟಿ ತೋರಿಸುವ ಆಜ್ಞೆ ಕೊಟ್ಟೆ. ಪರದೆಯ ಮೇಲೆ ಅವುಗಳ ಹೆಸರುಗಳು ಸಾಲಾಗಿ ಇಳಿದವು. ನಾನು ಕೂಗಿದ ಸದ್ದಿಗೆ ಅಂಗಡಿ ನೋಡಿಕೊಳ್ಳುತ್ತಿದ್ದ ಅವರ ಮಗ ಗಾಬರಿಯಾಗಿ ಮೆಟ್ಟಿಲು ಹತ್ತಿ ಬಂದರು.

ಪರೀಕ್ಷೆಗೆ ಎರಡು ದಿನವಿರುವಾಗ ಪರದೆಯ ವೈರು ಸಡಿಲಾಗಿ ಎಲ್ಲ ಕಪ್ಪಾಯಿತು. ನಾನು ಸದ್ದಿಲ್ಲದೆ ಮೇಜಿನ ಕೆಳಗೆ ಬಗ್ಗಿ ವೈರು ತಡಕಾಡುತ್ತಿದ್ದೆ. ಕಾಕು ಆ ಕಪ್ಪು ಪರದೆಯನ್ನೇ ದಿಟ್ಟಿಸುತ್ತಿದ್ದರು.

"ಚಲೋ ಬರದಿ. ಮರಿ ಪ್ರೋಗ್ರಾಂ ತನ್ನ ಕೆಲಸ ಮುಗಸೂತನಕ ಶೆಲ್ ಕಾಯಬೇಕು, ಆ ಸಾಲು ಹಾಕಿಯೇನು? ಓದು."

"ಓದ್ತೀನಿ ಕಾಕು," ಎಂದು ಮೇಜಿನ ಕೆಳಗಿನಿಂದಲೇ ಹೇಳಿ ಮೇಲೆದ್ದೆ. ಇಷ್ಟು ದಿನ... ಅವರಿಗೆ ಕಾಣುತ್ತಲೇ ಇರಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಇಂಥದ್ದೇ ಎನ್ನುತ್ತಿದ್ದುದು, ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿಯುತ್ತಿದ್ದುದು, ಎಲ್ಲದರ ಅರ್ಥ ಆಗ ಆಯಿತು. ಮನೆಯವರಿಗೂ ಹೇಳಿರಲಿಲ್ಲವೇನೋ. ಹೇಳಿದ್ದರೆ ಆ ಗಾದಿಯಿಂದ ಎಬ್ಬಿಸಿ ಮನೆಯಲ್ಲಿ ಕೂರಿಸುತ್ತಿದ್ದರು.

ವೈರಿನ ಮಾತೆತ್ತಲಿಲ್ಲ. ದಿನಾ ಓದಿ ಓದಿ ಸಾಲುಗಳೆಲ್ಲ ಬಾಯಿಗೆ ಬಂದಿದ್ದವು. ಕಪ್ಪು ಪರದೆಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ, ಸೆಮಿಕೋಲನ್ ಸಮೇತ ಹೇಳಿ ಮುಗಿಸಿದೆ. ಕಾಕು ಕಣ್ಣು ಮುಚ್ಚಿ ಕೇಳಿದರು.

ಪರೀಕ್ಷೆ ಪಾಸಾಯಿತು. ಪ್ಯಾಕಿಂಗ್ ಬಿಟ್ಟು ಯಂತ್ರಗಳ ಕಂಪ್ಯೂಟರ್ ನೋಡಿಕೊಳ್ಳುವ ವಿಭಾಗಕ್ಕೆ ಬಂದೆ. ಪೇಢೆ ತೆಗೆದುಕೊಂಡು ಹೋದಾಗ ಕಾಕು ನನ್ನ ಕೆನ್ನೆ ಸವರಿ ನಕ್ಕಿದ್ದರು. ಆಮೇಲೆ ಪಾಳಿ, ಮದುವೆ, ಮನೆ... ಫೋಂಡಾ ಹತ್ತಿರವೇ ಇತ್ತು, ನಾನೇ ಹೋಗಲಿಲ್ಲ.

ಮೊನ್ನೆ ಭಾನುವಾರ ಹೋದೆ. ಗಾದಿಯ ಮೇಲೆ ಮಗ ಕೂತಿದ್ದರು.

"ಅವ್ವ ಹೋಗಿ ವರ್ಷ ಆತ್ರಿ," ಎಂದರು. ನನ್ನನ್ನು ಕೂರಿಸಿ ನೀರು ಕೊಟ್ಟು ಹೇಳಿದರು. "ನಿಮ್ಮನ್ನ ಭಾಳ ನೆನಸ್ತಿದ್ಲು. 'ಆ ಹುಡುಗಿಗೆ ನನ್ನ ಕಣ್ಣಿನ ಸುದ್ದಿ ಗೊತ್ತಾಗಿತ್ತು, ಅಂದು ಆಕಿ ದನಿ ಮೇಜಿನ ಕೆಳಗಿಂದ ಬಂತು, ಪರದೆ ಕೆಟ್ಟೈತಿ ಅಂತ ನನಗ ತಿಳೀತು, ಆದ್ರೂ ಆಕಿ ಒಬ್ಬರ ಮುಂದೂ ಬಾಯಿ ಬಿಡಲಿಲ್ಲ' ಅಂತ ಹೇಳ್ತಿದ್ಲು. ಖರೇ ಏನ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ಕಾಕುವಿನ ಉಪಕಾರ ಸ್ಮರಿಸಲು ಹೋದವಳಿಗೆ ಅವರೇ ನನ್ನ ಉಪಕಾರ ಸ್ಮರಿಸಿದ ಮಾತು ಸಿಕ್ಕಿತು. ನನ್ನ ಕೃತಜ್ಞತೆ ಹೇಳಲು ಮಾತ್ರ ಒಂದು ವರ್ಷ ತಡವಾಗಿತ್ತು.